ಎಣ್ಣೆ ಬಾವಿಯೊಳಗೆ ಇರುವುದೇನು? ನ್ಯೂಕ್ಲಿಯರ್ ಲಾಗ್ ಓದುವುದು ಹೇಗೆ

ಕಾಪು ಹತ್ತಿರದ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ದೊಡ್ಡ ಗುಹೆಗಳಿವೆ. 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತವೆ. ಮಂಗಳೂರಿನಲ್ಲಿ ಇನ್ನೊಂದು 15 ಲಕ್ಷ ಟನ್ನಿಗೆ ಜಾಗ ಇದೆ. ಅಲ್ಲಿ ಎಣ್ಣೆ ನಿಜವಾಗಿಯೂ ನೆಲದಡಿ ತುಂಬಿ ನಿಂತಿರುತ್ತದೆ. ಇದನ್ನು ಕೇಳಿದ ನಮ್ಮ ಕಡೆಯ ತುಂಬಾ ಜನ, ಗಲ್ಫ್‌ನಲ್ಲೂ ಎಣ್ಣೆ ಹೀಗೇ ಗುಹೆಯಲ್ಲಿ ನಿಂತಿರುತ್ತದೆ, ಪೈಪ್ ಇಳಿಸಿ ಎತ್ತಿದರಾಯಿತು ಅಂದುಕೊಂಡಿದ್ದಾರೆ. ಕುವೈತಿಗೋ ಸೌದಿಗೋ ಹೋಗಿ ಬಂದವರ ಮನೆಗಳಲ್ಲೂ ಈ ಮಾತು ಕೇಳಿದ್ದೇನೆ.

ಹಾಗಿಲ್ಲ. ಪಾದೂರಿನದು ಮನುಷ್ಯರು ಮಾಡಿದ ಗುಹೆ. ಪ್ರಕೃತಿಯ ತೈಲ ನಿಕ್ಷೇಪದಲ್ಲಿ ಖಾಲಿ ಜಾಗ ಅಂತ ಇರುವುದು ಮರಳುಗಲ್ಲಿನ ಅಥವಾ ಸುಣ್ಣಕಲ್ಲಿನ ಒಳಗಿನ ಸಣ್ಣ ಸಣ್ಣ ರಂಧ್ರಗಳು ಮಾತ್ರ. ಒಳ್ಳೆಯ ಕಲ್ಲಿನಲ್ಲೂ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲು ರಂಧ್ರ, ಉಳಿದದ್ದೆಲ್ಲ ಗಟ್ಟಿ ಕಲ್ಲು. ಆ ರಂಧ್ರಗಳಲ್ಲೂ ಎಣ್ಣೆಯೊಂದೇ ಇರುವುದಿಲ್ಲ. ಉಪ್ಪುನೀರು ಇದ್ದೇ ಇರುತ್ತದೆ, ಕೆಲವು ಕಡೆ ಗ್ಯಾಸ್ ಕೂಡ ಸೇರಿರುತ್ತದೆ.

ಹೀಗಿರುವಾಗ ಎರಡು ಕಿಲೋಮೀಟರ್ ಆಳದಲ್ಲಿ, ಒಂದು ಗೇಣು ಅಗಲದ ತೂತಿನೊಳಗಿಂದ, ಸುತ್ತಲಿನ ಕಲ್ಲಿನಲ್ಲಿ ಎಷ್ಟು ರಂಧ್ರ ಇದೆ, ಅದರಲ್ಲಿ ಏನಿದೆ ಅಂತ ಹೇಳಬೇಕು. ಯಾರೂ ಇಳಿದು ನೋಡಲು ಆಗುವುದಿಲ್ಲ. ಕಲ್ಲಿನ ತುಂಡು ಮೇಲೆ ತರಬಹುದು, ಆದರೆ ಅದಕ್ಕೆ ತುಂಬಾ ಖರ್ಚು. ಹಾಗಾಗಿ ತಂತಿಯ ತುದಿಗೆ ಅಳತೆಯ ಟೂಲ್ ಕಟ್ಟಿ ಕೆಳಗಿಳಿಸಿ, ನಿಧಾನವಾಗಿ ಮೇಲೆ ಎಳೆಯುತ್ತಾ, ಆಳಕ್ಕೆ ತಕ್ಕ ಹಾಗೆ ಅಳತೆ ಬರೆದುಕೊಳ್ಳುತ್ತಾರೆ. ಈ ದಾಖಲೆಯೇ ಲಾಗ್. ಇಂಥ ಮೊದಲ ಲಾಗ್ ಆದದ್ದು 1927ರಲ್ಲಿ, ಫ್ರಾನ್ಸ್‌ನ ಪೆಶೆಲ್‌ಬ್ರಾನ್‌ನಲ್ಲಿ. ಷ್ಲಂಬರ್ಜೆ ಸಹೋದರರ ತಂಡ ಮಾಡಿದ್ದು. ಅದು ವಿದ್ಯುತ್ ಅಳತೆ. ನ್ಯೂಕ್ಲಿಯರ್ ಲಾಗ್ ಬಂದದ್ದು ಆಮೇಲೆ, ಮತ್ತು ಅದಕ್ಕೊಂದು ವಿಶೇಷ ಉಪಯೋಗ ಇತ್ತು. ಬಾವಿಗೆ ಉಕ್ಕಿನ ಕೇಸಿಂಗ್ ಪೈಪ್ ಇಳಿಸಿ ಸುತ್ತ ಸಿಮೆಂಟ್ ತುಂಬಿದ ಮೇಲೆ ಮಾಮೂಲಿ ವಿದ್ಯುತ್ ಲಾಗ್ ಕೆಲಸಕ್ಕೆ ಬರುವುದಿಲ್ಲ. ಗಾಮಾ ಕಿರಣ ಮತ್ತು ನ್ಯೂಟ್ರಾನ್ ಉಕ್ಕನ್ನೂ ಸಿಮೆಂಟನ್ನೂ ದಾಟಿ ಹೋಗಿ ಬರುತ್ತವೆ. ಇಪ್ಪತ್ತು ವರ್ಷ ಎಣ್ಣೆ ಕೊಟ್ಟ ಬಾವಿಯನ್ನು ಕೂಡ ಹೀಗೆ ಮತ್ತೆ ಪರೀಕ್ಷೆ ಮಾಡಬಹುದು.

ಈ ವಿಷಯ ಕಲಿಯುವವರಿಗೆ ನಾನು ಮೊದಲು ಹೇಳುವುದು ಒಂದೇ. ಯಾವ ನ್ಯೂಕ್ಲಿಯರ್ ಟೂಲ್ ಕೂಡ ಎಣ್ಣೆಯನ್ನು ಅಳೆಯುವುದಿಲ್ಲ. ಒಂದು ಟೂಲ್ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂ ಎಣಿಸುತ್ತದೆ. ಇನ್ನೊಂದು ಎಲೆಕ್ಟ್ರಾನ್ ಎಣಿಸುತ್ತದೆ, ಮತ್ತೊಂದು ಹೈಡ್ರೋಜನ್, ಮಗದೊಂದು ಕ್ಲೋರಿನ್. ಎಣ್ಣೆ ಅಂತ ಹೇಳುವುದು ನಾವು. ಆದ್ದರಿಂದ ಪ್ರತಿ ಗೆರೆ ನೋಡುವಾಗಲೂ ಕೇಳಬೇಕಾದ್ದು, ಈ ಸಂಖ್ಯೆ ಬರಲು ಬೇರೆ ಯಾವ ಕಾರಣ ಇರಬಹುದು ಅಂತ. ಮುಂದೆ ಬರೆದದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಗಾಮಾ ಲಾಗ್‌ನಿಂದ ಶುರು ಮಾಡೋಣ. ಇದರಲ್ಲಿ ಯಾವ ವಿಕಿರಣದ ಸೋರ್ಸ್ ಕೂಡ ಇರುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುವ ಟೂಲ್ ಇದು. ಕಲ್ಲಿನಿಂದ ತಾನಾಗಿ ಬರುವ ಗಾಮಾ ಕಿರಣಗಳನ್ನು ಎಣಿಸುತ್ತದೆ. ಶೇಲ್ ಅನ್ನುವ ಜೇಡಿಮಣ್ಣಿನ ಕಲ್ಲಿನಲ್ಲಿ ಪೊಟ್ಯಾಸಿಯಂ, ಥೋರಿಯಂ ಜಾಸ್ತಿ. ಶುದ್ಧ ಮರಳುಗಲ್ಲು, ಸುಣ್ಣಕಲ್ಲುಗಳಲ್ಲಿ ಕಡಿಮೆ. ಅಳತೆಯ ಘಟಕದ ಹೆಸರು ಎಪಿಐ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಅನ್ನುವುದರ ಚಿಕ್ಕ ರೂಪ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ವಿಕಿರಣ ವಸ್ತು ಬೆರೆಸಿ ಮಾಡಿದ ಕಾಂಕ್ರೀಟಿನ ಒಂದು ಗುಂಡಿ ಇದೆ, ಅದರ ವಿಕಿರಣ ಜಾಸ್ತಿ ಇರುವ ಪದರಕ್ಕೂ ಕಡಿಮೆ ಇರುವ ಪದರಕ್ಕೂ ಇರುವ ವ್ಯತ್ಯಾಸವೇ 200 ಎಪಿಐ ಅಂತ ಒಪ್ಪಿಕೊಂಡಿದ್ದಾರೆ. ಶೇಲ್ ಸಾಮಾನ್ಯವಾಗಿ 100ರ ಆಚೆ ಓದುತ್ತದೆ, ಶುದ್ಧ ಮರಳುಗಲ್ಲು 20, 30ರ ಹತ್ತಿರ. ಶೇಲ್‌ನಿಂದ ಎಣ್ಣೆ ಸುಲಭವಾಗಿ ಹರಿಯುವುದಿಲ್ಲ, ಮರಳುಗಲ್ಲಿನಿಂದ ಹರಿಯುತ್ತದೆ. ಹಾಗಾಗಿ ಗಾಮಾ ಕಡಿಮೆ ಇರುವ ಜಾಗ ಮೊದಲು ಹುಡುಕುತ್ತಾರೆ.

ಇಷ್ಟೇ ಆಗಿದ್ದರೆ ಕೆಲಸ ಸುಲಭ ಇತ್ತು. ಉಳ್ಳಾಲದ ಕಡಲ ತೀರದಲ್ಲಿ ಕೆಲವು ಕಡೆ ಮರಳಿನಲ್ಲಿ ಮೊನಜೈಟ್ ಅನ್ನುವ ಖನಿಜ ಇದೆ, ಅದರಲ್ಲಿ ಥೋರಿಯಂ ಇರುತ್ತದೆ, ಹಾಗಾಗಿ ಅಲ್ಲಿ ಸಹಜ ವಿಕಿರಣ ಸುತ್ತಮುತ್ತಲಿಗಿಂತ ಜಾಸ್ತಿ. ಆ ಮರಳಿನಲ್ಲಿ ಜೇಡಿ ಇಲ್ಲ, ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರುತ್ತದೆ. ಅಂಥ ಮರಳು ಕೋಟ್ಯಂತರ ವರ್ಷ ಹೂತು ಕಲ್ಲಾಗಿ ಅದರಲ್ಲಿ ಎಣ್ಣೆ ತುಂಬಿದರೆ, ಗಾಮಾ ಲಾಗ್ ಅದನ್ನು ಶೇಲ್ ಅಂತಲೇ ತೋರಿಸುತ್ತದೆ. ಅವಸರದಲ್ಲಿ ಓದಿದವರು ಆ ಪದರವನ್ನು ಬಿಟ್ಟೇ ಬಿಡುತ್ತಾರೆ. ಮೈಕಾ ಇರುವ ಮರಳುಗಲ್ಲು, ಯುರೇನಿಯಂ ಸೇರಿದ ಡಾಲಮೈಟ್ (ಸುಣ್ಣಕಲ್ಲಿನ ಜಾತಿಯ ಕಲ್ಲು) ಕೂಡ ಹೀಗೇ ಮೋಸ ಮಾಡುತ್ತವೆ. ಇದಕ್ಕೆ ಪರಿಹಾರ ಇದೆ. ಪ್ರತಿ ಗಾಮಾ ಕಿರಣದ ಶಕ್ತಿ ಅಳೆದು ಪೊಟ್ಯಾಸಿಯಂ ಎಷ್ಟು, ಥೋರಿಯಂ ಎಷ್ಟು, ಯುರೇನಿಯಂ ಎಷ್ಟು ಅಂತ ಬೇರೆ ಬೇರೆ ಮಾಡುವ ಸ್ಪೆಕ್ಟ್ರಲ್ ಗಾಮಾ ಟೂಲ್. ಯುರೇನಿಯಂ ಒಂದೇ ಏರಿದ್ದರೆ ಅದು ಶೇಲ್ ಅಲ್ಲದಿರುವ ಸಾಧ್ಯತೆ ಜಾಸ್ತಿ. ಬಾವಿ ಕೊರೆಯುವಾಗ ಒಳಗೆ ತುಂಬುವ ಕೆಸರಿನಂಥ ದ್ರವಕ್ಕೆ ಮಡ್ ಅನ್ನುತ್ತಾರೆ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ ಇಡೀ ಗೆರೆಯೇ ಬಲಕ್ಕೆ ಜರಗುತ್ತದೆ. ಅದಕ್ಕೇ ಲಾಗ್‌ನ ತಲೆಬರಹದಲ್ಲಿ ಮಡ್ ಯಾವುದು ಅಂತ ಬರೆದಿರುವುದನ್ನು ಮೊದಲು ಓದಬೇಕು. ಬಹಳ ಜನ ಆ ಪುಟವನ್ನು ತಿರುಗಿಸಿ ಮುಂದೆ ಹೋಗುತ್ತಾರೆ, ಅದು ನನಗೆ ಬೇಸರದ ವಿಷಯ.

ಮುಂದಿನದು ಡೆನ್ಸಿಟಿ ಲಾಗ್. ಟೂಲಿನೊಳಗೆ ಸೀಸಿಯಂ-137 ಸೋರ್ಸ್ ಇರುತ್ತದೆ. ಅದರಿಂದ ಹೊರಡುವ ಗಾಮಾ ಕಿರಣ ಕಲ್ಲಿನಲ್ಲಿರುವ ಎಲೆಕ್ಟ್ರಾನ್‌ಗಳಿಗೆ ಬಡಿದು ಶಕ್ತಿ ಕಳೆದುಕೊಳ್ಳುತ್ತಾ ಚದುರುತ್ತದೆ. ಕಲ್ಲು ದಟ್ಟವಾಗಿದ್ದರೆ ಡಿಟೆಕ್ಟರ್‌ಗೆ ವಾಪಸ್ ಬರುವ ಕಿರಣ ಕಡಿಮೆ, ರಂಧ್ರ ಜಾಸ್ತಿ ಇದ್ದರೆ ಬರುವ ಕಿರಣ ಜಾಸ್ತಿ. ಇದರಿಂದ ಕಲ್ಲಿನ ಸಾಂದ್ರತೆ ಸಿಗುತ್ತದೆ. ರಂಧ್ರವೇ ಇಲ್ಲದ ಮರಳುಗಲ್ಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ, ಸುಣ್ಣಕಲ್ಲಿನದು 2.71, ಡಾಲಮೈಟ್‌ನದು 2.87. ನೀರು 1. ಈಗ ಲಾಗ್ 2.32 ಓದಿದೆ ಅಂದುಕೊಳ್ಳಿ. 2.65ರಿಂದ 2.32 ಕಳೆದರೆ 0.33. ಅದನ್ನು 2.65ಕ್ಕೂ 1ಕ್ಕೂ ಇರುವ ವ್ಯತ್ಯಾಸವಾದ 1.65ರಿಂದ ಭಾಗಿಸಿದರೆ 0.20. ಅಂದರೆ ನೂರಕ್ಕೆ 20 ಪಾಲು ರಂಧ್ರ. ಲೆಕ್ಕ ಇಷ್ಟು ಸುಲಭ, ಆದರೆ ಇದು ಮರಳುಗಲ್ಲು ಅಂತ ನಾವು ಮೊದಲೇ ಒಪ್ಪಿಕೊಂಡು ಮಾಡಿದ ಲೆಕ್ಕ. ಅದೇ 2.32 ಸುಣ್ಣಕಲ್ಲಿನಲ್ಲಿ ಬಂದಿದ್ದರೆ ಉತ್ತರ ಸುಮಾರು 23. ಕಲ್ಲು ಯಾವುದು ಅಂತ ತಿಳಿಯಲು ಅದೇ ಟೂಲ್ ಪಿಇ (ಫೋಟೋಎಲೆಕ್ಟ್ರಿಕ್) ಅನ್ನುವ ಇನ್ನೊಂದು ಅಳತೆ ಕೊಡುತ್ತದೆ. ಮರಳುಗಲ್ಲಿನ ಮುಖ್ಯ ಖನಿಜವಾದ ಕ್ವಾರ್ಟ್ಸ್‌ಗೆ 1.8, ಡಾಲಮೈಟ್‌ಗೆ 3.1, ಸುಣ್ಣಕಲ್ಲಿಗೆ 5.1 ಹತ್ತಿರ ಬರುತ್ತದೆ. ಮಡ್‌ನಲ್ಲಿ ಬೇರೈಟ್ (ತೂಕ ಹೆಚ್ಚಿಸಲು ಬೆರೆಸುವ ಖನಿಜ) ಇದ್ದರೆ ಈ ಪಿಇಯನ್ನು ನಂಬಬೇಡಿ. ಬೇರೈಟ್‌ನ ಪಿಇ 260 ದಾಟುತ್ತದೆ, ಸ್ವಲ್ಪ ಸೇರಿದರೂ ಲೆಕ್ಕ ಕೆಡುತ್ತದೆ.

ಇನ್ನು ನ್ಯೂಟ್ರಾನ್ ಲಾಗ್. ಇದರ ಕಥೆ ನನಗೆ ತುಂಬಾ ಇಷ್ಟ. 1934ರಲ್ಲಿ ರೋಮ್‌ನಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ತಂಡ, ಹೈಡ್ರೋಜನ್ ಇರುವ ವಸ್ತುವಿನೊಳಗೆ ಹಾದರೆ ನ್ಯೂಟ್ರಾನ್ ನಿಧಾನ ಆಗುತ್ತದೆ ಅಂತ ಕಂಡುಹಿಡಿಯಿತು. ಆ ತಂಡದ ಕಿರಿಯ ಬ್ರೂನೊ ಪೊಂಟೆಕೊರ್ವೊ. ಯುದ್ಧದ ಹೊತ್ತಿಗೆ ಯುರೋಪಿನಿಂದ ತಪ್ಪಿಸಿಕೊಂಡು ಅಮೆರಿಕದ ಟಲ್ಸಾ ಸೇರಿ, ಒಂದು ಬಾವಿ ಸರ್ವೇ ಕಂಪನಿಯಲ್ಲಿ ಕೆಲಸಕ್ಕಿದ್ದ ಅವರು ಇದೇ ವಿದ್ಯೆಯನ್ನು ಎಣ್ಣೆ ಬಾವಿಗೆ ಹೊಂದಿಸಿದರು. 1941ರಲ್ಲಿ ಅದು ಪ್ರಕಟವಾಯಿತು. ಪೊಂಟೆಕೊರ್ವೊ 1950ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿಬಿಟ್ಟರು, ನ್ಯೂಟ್ರಿನೋ ಸಂಶೋಧನೆಯಲ್ಲಿ ಹೆಸರು ಮಾಡಿದರು. ಬಾವಿಯಲ್ಲಿ ಅವರ ಉಪಾಯ ಮಾತ್ರ ಇವತ್ತಿಗೂ ದಿನಾ ಇಳಿಯುತ್ತಿದೆ.

ಉಪಾಯ ಏನು? ಗೋಲಿ ಆಡಿದವರಿಗೆ ಗೊತ್ತು, ಗೋಲಿ ಅಷ್ಟೇ ತೂಕದ ಇನ್ನೊಂದು ಗೋಲಿಗೆ ನೇರ ಬಡಿದರೆ ಬಡಿದದ್ದು ಅಲ್ಲೇ ನಿಲ್ಲುತ್ತದೆ, ದೊಡ್ಡ ಕಲ್ಲಿಗೆ ಬಡಿದರೆ ಬಂದ ವೇಗದಲ್ಲೇ ಪುಟಿದು ಹೋಗುತ್ತದೆ. ನ್ಯೂಟ್ರಾನ್‌ಗೂ ಹೈಡ್ರೋಜನ್ ಬೀಜಕ್ಕೂ ತೂಕ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೈಡ್ರೋಜನ್‌ಗೆ ಇಪ್ಪತ್ತರ ಆಸುಪಾಸು ಡಿಕ್ಕಿ ಹೊಡೆದರೆ ಸಾಕು, ನ್ಯೂಟ್ರಾನ್ ಸುಸ್ತಾಗುತ್ತದೆ. ಬರೀ ಸಿಲಿಕಾನ್ ಇದ್ದರೆ 250ಕ್ಕೂ ಜಾಸ್ತಿ ಡಿಕ್ಕಿ ಬೇಕು. ಅಮೆರಿಷಿಯಂ-ಬೆರಿಲಿಯಂ ಸೋರ್ಸ್‌ನಿಂದ ನ್ಯೂಟ್ರಾನ್ ಬಿಟ್ಟು, ದೂರದ ಡಿಟೆಕ್ಟರ್‌ಗೆ ಎಷ್ಟು ತಲುಪಿತು ಅಂತ ಎಣಿಸಿದರೆ ಸುತ್ತ ಎಷ್ಟು ಹೈಡ್ರೋಜನ್ ಇದೆ ಅಂತ ಗೊತ್ತಾಗುತ್ತದೆ. ಕಲ್ಲಿನ ಕಣದಲ್ಲಿ ಹೈಡ್ರೋಜನ್ ಇಲ್ಲ, ರಂಧ್ರದೊಳಗಿನ ದ್ರವದಲ್ಲಿ ಇದೆ. ಹಾಗಾಗಿ ಹೈಡ್ರೋಜನ್ ಎಷ್ಟೋ ರಂಧ್ರ ಅಷ್ಟು.

ಇಲ್ಲೂ ಎರಡು ಕಡೆ ಎಚ್ಚರ ಬೇಕು. ಎಣ್ಣೆಯಲ್ಲೂ ನೀರಿನಲ್ಲೂ ಹೈಡ್ರೋಜನ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ, ಹಾಗಾಗಿ ನ್ಯೂಟ್ರಾನ್ ಲಾಗ್ ಇವೆರಡನ್ನು ಬೇರೆ ಮಾಡಿ ಹೇಳುವುದಿಲ್ಲ. ಶೇಲ್‌ನ ಜೇಡಿಯಲ್ಲಿ ಅಂಟಿಕೊಂಡ ನೀರು ಇರುತ್ತದೆ, ಅದನ್ನೂ ಟೂಲ್ ರಂಧ್ರ ಅಂತಲೇ ಲೆಕ್ಕ ಹಾಕುತ್ತದೆ. ಗ್ಯಾಸ್‌ನಲ್ಲಿ ಹೈಡ್ರೋಜನ್ ತುಂಬಾ ವಿರಳ, ಹಾಗಾಗಿ ಅಲ್ಲಿ ರಂಧ್ರ ಇದ್ದರೂ ಇಲ್ಲ ಅನ್ನುತ್ತದೆ.

ಡೆನ್ಸಿಟಿ ಒಂದು ರೀತಿ ಮೋಸ ಹೋಗುತ್ತದೆ, ನ್ಯೂಟ್ರಾನ್ ಇನ್ನೊಂದು ರೀತಿ. ಎರಡನ್ನೂ ಒಂದೇ ಕಾಲಂನಲ್ಲಿ ಮೇಲೆ ಮೇಲೆ ಬರೆದರೆ ಆ ಮೋಸವೇ ಮಾಹಿತಿ ಆಗುತ್ತದೆ. ಲಾಗ್ ಓದುವುದರಲ್ಲಿ ನನಗೆ ಅತಿ ಸುಂದರ ಅನ್ನಿಸುವ ಭಾಗ ಇದು. ಉದಾಹರಣೆಗೆ ಒಂದು ಬಾವಿಯನ್ನು ಕಲ್ಪಿಸಿಕೊಳ್ಳಿ, ಮೇಲಿನಿಂದ ಕೆಳಗೆ ನಿಧಾನ ಓದೋಣ. ಡೆನ್ಸಿಟಿ ಎಡಕ್ಕೆ ಹೋದರೆ ಕಲ್ಲು ಹಗುರ, ನ್ಯೂಟ್ರಾನ್ ಎಡಕ್ಕೆ ಹೋದರೆ ಹೈಡ್ರೋಜನ್ ಜಾಸ್ತಿ. ಎರಡೂ ಗೆರೆಯನ್ನು ಮರಳುಗಲ್ಲಿನ ಸ್ಕೇಲಿಗೆ ಹೊಂದಿಸಿದ್ದೇವೆ.

2,110 ಮೀಟರ್. ಗಾಮಾ 110. ನ್ಯೂಟ್ರಾನ್ 33 ಅಂತ ಎಡಕ್ಕೆ ಹೋಗಿದೆ, ಡೆನ್ಸಿಟಿ 2.45 ಅಂತ ಬಲಕ್ಕೆ. ಗೆರೆಗಳ ನಡುವೆ ದೊಡ್ಡ ಅಂತರ. ಇದು ಶೇಲ್, ಅಂಟು ನೀರು ನ್ಯೂಟ್ರಾನನ್ನು ಎಳೆದಿದೆ. 2,114ರಲ್ಲಿ ಡೆನ್ಸಿಟಿ ಧಡಕ್ಕನೆ 1.98ಕ್ಕೆ ಇಳಿಯುತ್ತದೆ. ಒಳ್ಳೆಯ ರಂಧ್ರ ಸಿಕ್ಕಿತು ಅಂತ ಹೊಸಬರಿಗೆ ಖುಷಿ ಆಗುವ ಜಾಗ. ಪಕ್ಕದ ಕಾಲಂನಲ್ಲಿ ಬಾವಿಯ ಅಗಲ ಅಳೆದ ಕ್ಯಾಲಿಪರ್ ನೋಡಿ, 21 ಸೆಂಟಿಮೀಟರ್ ಇರಬೇಕಾದ್ದು 33 ಆಗಿದೆ. ಅಲ್ಲಿ ಶೇಲ್ ಕುಸಿದು ಗೋಡೆ ಒಳಗೆ ಹೋಗಿದೆ, ಟೂಲ್ ಓದಿದ್ದರಲ್ಲಿ ಮಡ್‌ನ ಸಾಂದ್ರತೆಯೂ ಸೇರಿಕೊಂಡಿದೆ. ಡೆನ್ಸಿಟಿ ಟೂಲ್ ಗೋಡೆಯೊಳಗೆ ಹತ್ತು ಹದಿನೈದು ಸೆಂಟಿಮೀಟರ್ ಮಾತ್ರ ನೋಡುತ್ತದೆ, ಗೋಡೆಗೆ ಒತ್ತಿಕೊಂಡಿರದಿದ್ದರೆ ಅದರ ಮಾತಿಗೆ ಬೆಲೆ ಇಲ್ಲ. ಆ ತುಂಡನ್ನು ಗೀಟು ಹಾಕಿ ಬಿಡಬೇಕು.

2,118ಕ್ಕೆ ಗಾಮಾ 30ಕ್ಕೆ ಬಿತ್ತು. ಮರಳುಗಲ್ಲು ಶುರು. ಇಲ್ಲಿ ಡೆನ್ಸಿಟಿ 2.15, ಅಂದರೆ ನಮ್ಮ ಲೆಕ್ಕದಲ್ಲಿ 30 ಪಾಲು ರಂಧ್ರ. ನ್ಯೂಟ್ರಾನ್ ಮಾತ್ರ 10 ಅನ್ನುತ್ತಿದೆ. ಗೆರೆಗಳು ಒಂದನ್ನೊಂದು ದಾಟಿ ಜಾಗ ಬದಲಾಯಿಸಿವೆ. ಒಂದೇ ಕಲ್ಲಿಗೆ ಇಬ್ಬರು ಇಷ್ಟು ಬೇರೆ ಉತ್ತರ ಕೊಟ್ಟರೆ ಗ್ಯಾಸ್ ಇರಬೇಕು. ಗ್ಯಾಸ್ ಹಗುರ, ಹಾಗಾಗಿ ಡೆನ್ಸಿಟಿ ರಂಧ್ರವನ್ನು ಜಾಸ್ತಿ ಹೇಳಿತು. ಹೈಡ್ರೋಜನ್ ಕಡಿಮೆ, ಹಾಗಾಗಿ ನ್ಯೂಟ್ರಾನ್ ಕಡಿಮೆ ಹೇಳಿತು. ನಿಜವಾದ ಉತ್ತರಕ್ಕೆ ಒಂದು ಕೈಲೆಕ್ಕ ಇದೆ: ಎರಡನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕುವುದು. 900, 100, ಸರಾಸರಿ 500, ಮೂಲ ಸುಮಾರು 22. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಲಾಗ್ ಸುಣ್ಣಕಲ್ಲಿನ ಸ್ಕೇಲಿನಲ್ಲಿ ಮುದ್ರಣ ಆಗಿದ್ದರೆ, ನೀರು ತುಂಬಿದ ಶುದ್ಧ ಮರಳುಗಲ್ಲಿನಲ್ಲೂ ಗೆರೆಗಳು ಆರೇಳು ಪಾಲಿನಷ್ಟು ದಾಟುತ್ತವೆ. ಅದು ಗ್ಯಾಸ್ ಅಲ್ಲ. ಸ್ಕೇಲ್ ನೋಡದೆ ಗ್ಯಾಸ್ ಅಂತ ಬಣ್ಣ ಬಳಿದ ಲಾಗ್‌ಗಳು ಎಷ್ಟೋ ಇವೆ.

2,124ರಿಂದ 2,150ರವರೆಗೆ ಡೆನ್ಸಿಟಿ 2.32, ನ್ಯೂಟ್ರಾನ್ 20. ಇಬ್ಬರದೂ ಒಂದೇ ಮಾತು, ರಂಧ್ರ 20 ಪಾಲು, ಒಳಗೆ ದ್ರವ. ಎಣ್ಣೆಯೋ ನೀರೋ? ಇವೆರಡು ಟೂಲ್‌ಗಳಿಗೆ ಗೊತ್ತಿಲ್ಲ. ಕೇಸಿಂಗ್ ಹಾಕುವ ಮೊದಲಾದರೆ ವಿದ್ಯುತ್ ರೋಧ ಅಳೆಯುವ ಲಾಗ್ ಹೇಳುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಎಣ್ಣೆಯಲ್ಲಿ ಇಲ್ಲ. ನಮ್ಮ ಬಾವಿಯಲ್ಲಿ ರೋಧ 2,142ರವರೆಗೆ ಜಾಸ್ತಿ, ಅದರ ಕೆಳಗೆ ಬಿದ್ದಿದೆ. ಅಂದರೆ ಮೇಲೆ ಗ್ಯಾಸ್, ನಡುವೆ 18 ಮೀಟರ್ ಎಣ್ಣೆ, ಕೆಳಗೆ ನೀರು. 2,130ರಿಂದ 2,137ರವರೆಗೆ ಕೇಸಿಂಗ್‌ಗೆ ತೂತು ಹೊಡೆದು ಉತ್ಪಾದನೆ ಶುರು ಮಾಡಿದರು ಅಂತ ಇಟ್ಟುಕೊಳ್ಳಿ.

ಮುಂದೆ ಹೋಗುವ ಮೊದಲು ಎರಡು ಮಾತು. ವಿಕಿರಣ ಅನ್ನುವುದು ಲೆಕ್ಕ ಹಾಕಿದ ಹಾಗೆ ಸಮವಾಗಿ ಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. 100 ಎಣಿಸಿದರೆ ಅದರಲ್ಲಿ 10 ಆಚೀಚೆ ಆಗುವುದು ಸಹಜ, ಅಂದರೆ ನೂರಕ್ಕೆ 10. 10,000 ಎಣಿಸಿದರೆ ಆಚೀಚೆ 100 ಮಾತ್ರ, ನೂರಕ್ಕೆ 1. ಅದಕ್ಕೇ ಟೂಲನ್ನು ಬೇಗ ಎಳೆದರೆ ಗೆರೆಯಲ್ಲಿ ಸುಳ್ಳು ಅಂಕುಡೊಂಕು ಬರುತ್ತದೆ. ಒಳ್ಳೆಯ ಲಾಗ್‌ನಲ್ಲಿ ಒಂದಿಷ್ಟು ಮೀಟರ್‌ಗಳನ್ನು ಎರಡು ಸಲ ಎಳೆದು ತೋರಿಸಿರುತ್ತಾರೆ. ಎರಡೂ ಸಲ ಅದೇ ಆಳದಲ್ಲಿ ಅದೇ ಡೊಂಕು ಬಂದರೆ ಅದು ಕಲ್ಲಿನದು, ಬಾರದಿದ್ದರೆ ಸುಮ್ನೆ ಎಣಿಕೆಯ ಏರಿಳಿತ.

ಇನ್ನೊಂದು, ಸೋರ್ಸ್ ವಿಷಯ. ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ, ಅಮೆರಿಷಿಯಂ-241ರದು 432 ವರ್ಷ. ಟೂಲ್ ಬಾವಿಯ ಬಾಯಿಗೆ ಬಂದ ಮೇಲೆಯೇ, ಉದ್ದ ಕೋಲಿನ ತುದಿಯಿಂದ ಹಿಡಿದು ಸೋರ್ಸ್ ತುಂಬುತ್ತಾರೆ. ಬಾವಿಯ ಬಾಯಿಯನ್ನು ಮುಚ್ಚಿಕೊಂಡೇ ಮಾಡುತ್ತಾರೆ, ಏನೂ ಒಳಗೆ ಬೀಳಬಾರದು. ನಮ್ಮ ದೇಶದಲ್ಲಿ ಇದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಸೋರ್ಸ್ ಇರುವ ಟೂಲ್ ಕೆಳಗೆ ಸಿಕ್ಕಿಕೊಂಡರೆ ಅದನ್ನು ತೆಗೆಯಲು ದಿನಗಟ್ಟಲೆ ಪ್ರಯತ್ನ ನಡೆಯುತ್ತದೆ. ಆಗದಿದ್ದರೆ ಸಿಮೆಂಟ್ ತುಂಬಿ ಅಲ್ಲೇ ಭದ್ರ ಮಾಡುತ್ತಾರೆ. ಮನೆಯವರು ಭಯಪಟ್ಟು ಕೇಳುತ್ತಾರೆ, ಇದರಿಂದ ಎಣ್ಣೆಗೆ ವಿಕಿರಣ ಹತ್ತುತ್ತದೆಯೇ ಅಂತ. ಗಾಮಾ ಸೋರ್ಸ್‌ನಿಂದ ಹತ್ತುವುದಿಲ್ಲ. ನ್ಯೂಟ್ರಾನ್‌ನಿಂದ ಪೈಪಿನ ಸುತ್ತ ಆಗುವ ಬದಲಾವಣೆ ಬಹಳ ಅಲ್ಪ, ಬಹುಪಾಲು ಬೇಗನೇ ಆರಿಹೋಗುತ್ತದೆ.

ಈಗ ನಮ್ಮ ಬಾವಿಗೆ ವಯಸ್ಸಾಗಿದೆ. ನೂರು ಪೀಪಾಯಿ ದ್ರವ ಬಂದರೆ 80 ನೀರು. ಎಣ್ಣೆ ಮುಗಿಯಿತೇ, ಅಥವಾ ನೀರು ಎಲ್ಲಿಂದಲೋ ಅಡ್ಡದಾರಿ ಹಿಡಿದು ಬರುತ್ತಿದೆಯೇ? ಕೇಸಿಂಗ್ ಇದೆ, ರೋಧದ ಮಾಮೂಲಿ ಲಾಗ್ ಆಗುವುದಿಲ್ಲ. ಇಲ್ಲಿ ಬರುವುದು ಪಲ್ಸ್ಡ್ ನ್ಯೂಟ್ರಾನ್ ಟೂಲ್. ದಪ್ಪ 43 ಮಿಲಿಮೀಟರ್ ಅಷ್ಟೇ, ಕೇಸಿಂಗ್ ಒಳಗೆ ಎಣ್ಣೆ ಮೇಲೆ ತರುವ ಸಣ್ಣ ಪೈಪಾದ ಟ್ಯೂಬಿಂಗ್ ಒಳಗಿಂದಲೇ ಇಳಿಯುತ್ತದೆ. ಇದರಲ್ಲಿ ವಿದ್ಯುತ್‌ನಿಂದ ನಡೆಯುವ ನ್ಯೂಟ್ರಾನ್ ಜನರೇಟರ್ ಇದೆ, ಸ್ವಿಚ್ ಆರಿಸಿದರೆ ನ್ಯೂಟ್ರಾನ್ ನಿಲ್ಲುತ್ತದೆ. 14 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳನ್ನು ಚಿಮ್ಮಿಸಿ, ಅವು ಎಷ್ಟು ಬೇಗ ಮಾಯವಾಗುತ್ತವೆ ಅಂತ ಗಮನಿಸುತ್ತದೆ. ನಿಧಾನವಾದ ನ್ಯೂಟ್ರಾನನ್ನು ನುಂಗುವುದರಲ್ಲಿ ಕ್ಲೋರಿನ್ ಮುಂದು. ಉಪ್ಪಿನಲ್ಲಿ ಕ್ಲೋರಿನ್ ಇದೆ. ಹಾಗಾಗಿ ಉಪ್ಪುನೀರು ಇರುವಲ್ಲಿ ನ್ಯೂಟ್ರಾನ್ ಬೇಗ ಸಾಯುತ್ತದೆ, ಎಣ್ಣೆ ಇರುವಲ್ಲಿ ನಿಧಾನವಾಗಿ. ಈ ನುಂಗುವ ಗುಣದ ಅಳತೆಯೇ ಸಿಗ್ಮಾ.

ಲೆಕ್ಕ ಹಾಕೋಣ. ಮರಳುಗಲ್ಲಿನ ಸಿಗ್ಮಾ 8, ಎಣ್ಣೆಯದು 21, ನಮ್ಮ ಪದರದ ಗಾಢ ಉಪ್ಪುನೀರಿನದು 80 ಅಂತ ಇಟ್ಟುಕೊಳ್ಳೋಣ. ರಂಧ್ರ 20 ಪಾಲು. ಕಲ್ಲಿನ ಭಾಗ 80 ಪಾಲು, ಅದರಿಂದ 6.4. ಮೊದಲು ರಂಧ್ರದಲ್ಲಿ 80 ಪಾಲು ಎಣ್ಣೆ, 20 ಪಾಲು ನೀರು ಇತ್ತು. ಎಲ್ಲ ಕೂಡಿದರೆ ಸಿಗ್ಮಾ 13. ಈಗ ಕೆಳಗಿನ ನೀರು ಮೇಲೆ ಬಂದು, ಹಿಂಡಲಾಗದ ಎಣ್ಣೆ 30 ಪಾಲು ಉಳಿದಿದೆ ಅಂದರೆ ಸಿಗ್ಮಾ ಸುಮಾರು 19. ಹದಿಮೂರಕ್ಕೂ ಹತ್ತೊಂಬತ್ತಕ್ಕೂ ಅಂತರ ಸ್ಪಷ್ಟವಾಗಿ ಕಾಣುತ್ತದೆ, ಎಲ್ಲಿ ನೀರು ಬಂದಿದೆ ಅಂತ ಗುರುತು ಹಾಕಬಹುದು.

ಆದರೆ ಕಡಲ ನಡುವಿನ ಕ್ಷೇತ್ರಗಳಲ್ಲಿ ಒತ್ತಡ ಬೀಳದಿರಲಿ ಅಂತ ಕಡಲ ನೀರನ್ನೇ ಪದರಕ್ಕೆ ಪಂಪ್ ಮಾಡುತ್ತಾರೆ. ನಮ್ಮ ಪಣಂಬೂರಿನ ಎದುರಿನ ಕಡಲೇ ಇರಲಿ, ಬೇರೆ ಹೆಚ್ಚಿನ ಕಡಲುಗಳೇ ಇರಲಿ, ಆ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನಮಗೆ ಅದು ಬಾಯಿಗಿಡಲಾಗದಷ್ಟು ಉಪ್ಪು. ಎಷ್ಟೋ ಆಳದ ಪದರಗಳ ನೀರಿಗೆ ಹೋಲಿಸಿದರೆ ಸಪ್ಪೆ. ಅದರ ಸಿಗ್ಮಾ 35ರ ಹತ್ತಿರ. ಈಗ ಅದೇ ಪದರದಲ್ಲಿ 30 ಪಾಲು ಎಣ್ಣೆ, 70 ಪಾಲು ಕಡಲ ನೀರು ಅಂತ ಲೆಕ್ಕ ಹಾಕಿ. ಸಿಗ್ಮಾ ಬರುವುದು 12.6. ಎಣ್ಣೆ ತುಂಬಿದ್ದಾಗ ಎಷ್ಟಿತ್ತು? 13. ಎಣ್ಣೆಯ ದೊಡ್ಡ ಪಾಲು ಹೋಗಿ ನೀರು ಬಂದಿದೆ, ಗೆರೆ ಮಾತ್ರ ಇದ್ದಲ್ಲೇ ಇದೆ! ಸಿಗ್ಮಾ ಒಂದನ್ನೇ ನಂಬಿದವರು ಇಲ್ಲಿ ಇನ್ನೂ ಎಣ್ಣೆ ಇದೆ ಅಂತ ಬರೆದುಕೊಟ್ಟು, ಮತ್ತೆ ತೂತು ಹೊಡೆಸಿ, ಬರೀ ನೀರು ಎತ್ತುತ್ತಾರೆ. ನೀರಿನ ಉಪ್ಪು ಎಷ್ಟು ಅಂತ ತಿಳಿಯದೆ ಸಿಗ್ಮಾ ಓದಲೇಬಾರದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇಂಥ ಕಡೆ ಅದೇ ಟೂಲನ್ನು ಇನ್ನೊಂದು ರೀತಿ ಬಳಸುತ್ತಾರೆ, ಕಾರ್ಬನ್-ಆಕ್ಸಿಜನ್ ಲಾಗ್. ವೇಗದ ನ್ಯೂಟ್ರಾನ್ ಕಾರ್ಬನ್‌ಗೆ ಬಡಿದರೆ 4.43 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣ ಹೊರಡುತ್ತದೆ, ಆಕ್ಸಿಜನ್‌ಗೆ ಬಡಿದರೆ 6.13ರದ್ದು. ಎಣ್ಣೆಯಲ್ಲಿ ಕಾರ್ಬನ್, ನೀರಿನಲ್ಲಿ ಆಕ್ಸಿಜನ್. ಉಪ್ಪಿನ ಗೊಡವೆ ಇಲ್ಲ. ಅಂದ ಮೇಲೆ ಯಾವಾಗಲೂ ಇದನ್ನೇ ಏಕೆ ಬಳಸಬಾರದು? ಏಕೆಂದರೆ ಇದು ಬಹಳ ನಿಧಾನ, ಹಲವು ಸಲ ಎಳೆಯಬೇಕು, ರಂಧ್ರ ಕಡಿಮೆ ಇದ್ದರೆ ಉತ್ತರ ನಂಬುವಂತಿರುವುದಿಲ್ಲ. ಬಾವಿಯ ಪೈಪಿನಲ್ಲೇ ಎಣ್ಣೆ ನಿಂತಿದ್ದರೆ ಅದರ ಕಾರ್ಬನ್ ಕೂಡ ಎಣಿಕೆಗೆ ಬರುತ್ತದೆ. ಸುಣ್ಣಕಲ್ಲಿನಲ್ಲಂತೂ ಕಲ್ಲಿನೊಳಗೇ ಕಾರ್ಬನ್ ಇದೆ. ಮುಂಬೈ ಎದುರಿನ ಕಡಲಲ್ಲಿರುವ ನಮ್ಮ ಬಾಂಬೆ ಹೈ ತೈಲ ಕ್ಷೇತ್ರದ ಮುಖ್ಯ ಪದರಗಳು ಸುಣ್ಣಕಲ್ಲಿನವು. ಅಂಥ ಕಡೆ ಕಲ್ಲಿನ ಪಾಲು ಕಳೆದು ಎಣ್ಣೆಯ ಪಾಲು ಹುಡುಕಬೇಕು.

ಬಾವಿಯನ್ನು ಮುಚ್ಚಿಟ್ಟು ಅಳೆಯುವುದೋ ಹರಿಯುತ್ತಿರುವಾಗ ಅಳೆಯುವುದೋ ಅನ್ನುವುದೂ ಮುಖ್ಯ. ಮುಚ್ಚಿದರೆ ಪೈಪಿನಲ್ಲಿದ್ದ ನೀರು ತೂತುಗಳ ಮೂಲಕ ವಾಪಸ್ ಪದರಕ್ಕೆ ನುಗ್ಗುತ್ತದೆ. ಟೂಲ್ ನೋಡುವುದು ಮೂವತ್ತು ಸೆಂಟಿಮೀಟರ್ ಒಳಗೆ ಮಾತ್ರ, ಹಾಗಾಗಿ ಒಳಗೆ ಎಣ್ಣೆ ಇದ್ದರೂ ಅದಕ್ಕೆ ನೀರು ಕಾಣುತ್ತದೆ. ಎರಡೂ ಸ್ಥಿತಿಯಲ್ಲಿ ಅಳೆದು ಹೋಲಿಸುವುದು ಒಳ್ಳೆಯದು. ಬಾವಿ ಹೊಸದಿದ್ದಾಗಲೇ ಒಂದು ಸಿಗ್ಮಾ ಲಾಗ್ ಮಾಡಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಹೊಸದರಿಂದ ಹಳೆಯದನ್ನು ಕಳೆದರೆ ಕಲ್ಲಿನ ಬಗ್ಗೆ ಮಾಡಿದ ಊಹೆಗಳೆಲ್ಲ ಎರಡೂ ಕಡೆ ಹೊಡೆದುಹೋಗಿ ಬದಲಾವಣೆ ಮಾತ್ರ ಉಳಿಯುತ್ತದೆ.

ನೀರು ಬರುವ ದಾರಿ ಮುಖ್ಯವಾಗಿ ಮೂರು. ಕೆಳಗಿನ ನೀರಿನ ಮಟ್ಟವೇ ಏರಿರಬಹುದು. ಸರಾಗವಾಗಿ ಹರಿಯುವ ಒಂದೇ ತೆಳು ಪದರದಿಂದ ನುಗ್ಗುತ್ತಿರಬಹುದು. ಅಥವಾ ಕೇಸಿಂಗ್ ಹೊರಗಿನ ಸಿಮೆಂಟ್ ಸರಿಯಾಗಿ ಕೂರದೆ, ಬೇರೆ ಪದರದ ನೀರು ಪೈಪಿನ ಬೆನ್ನಿಗೇ ಹತ್ತಿ ಬರುತ್ತಿರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಮೂರನೆಯದನ್ನು ಹಿಡಿಯುವ ವಿಧಾನ ನೋಡಿ, ಎಷ್ಟು ಜಾಣತನದ್ದು. ವೇಗದ ನ್ಯೂಟ್ರಾನ್ ನೀರಿನ ಆಕ್ಸಿಜನ್‌ಗೆ ಬಡಿದಾಗ ಅದು ನೈಟ್ರೋಜನ್-16 ಆಗುತ್ತದೆ. ಅದರ ಅರ್ಧಾಯುಷ್ಯ 7 ಸೆಕೆಂಡಿನ ಸ್ವಲ್ಪ ಮೇಲೆ, ಅಷ್ಟರಲ್ಲಿ ಗಾಮಾ ಕಿರಣ ಬಿಟ್ಟು ಮತ್ತೆ ಆಕ್ಸಿಜನ್ ಆಗುತ್ತದೆ. ನೀರು ಹರಿಯುತ್ತಿದ್ದರೆ ಈ ಗುರುತು ಹಾಕಿದ ನೀರು ಮೇಲಿನ ಡಿಟೆಕ್ಟರ್ ಹತ್ತಿರ ಬಂದು ಹೋಗುತ್ತದೆ. ಒಂದು ಮೀಟರ್ ಮೇಲಿನ ಡಿಟೆಕ್ಟರ್‌ಗೆ ಐದು ಸೆಕೆಂಡಿನಲ್ಲಿ ಬಂದರೆ ವೇಗ ನಿಮಿಷಕ್ಕೆ 12 ಮೀಟರ್. ಪೈಪಿನ ಹೊರಗೆ ಹರಿಯುವ ನೀರೂ ಸಿಕ್ಕಿಬೀಳುತ್ತದೆ. ಕೆಳಮುಖ ಹರಿವು ನೋಡಬೇಕಾದರೆ ಡಿಟೆಕ್ಟರ್ ಕೆಳಗೆ ಬರುವ ಹಾಗೆ ಟೂಲ್ ಜೋಡಿಸಬೇಕು.

ಖರ್ಚಿಲ್ಲದ ಇನ್ನೊಂದು ಸುಳಿವು ಹಳೆಯ ಗಾಮಾ ಲಾಗ್‌ನಲ್ಲೇ ಇದೆ. ಪದರದ ನೀರಿನಲ್ಲಿ ಕರಗಿದ ರೇಡಿಯಂ, ಬೇರಿಯಂ ಸಲ್ಫೇಟ್ ಜೊತೆ ಸೇರಿ ನೀರು ನುಗ್ಗುವ ತೂತುಗಳ ಹತ್ತಿರ ಗಟ್ಟಿ ಹಕ್ಕಳೆಯಾಗಿ ಅಂಟುತ್ತದೆ. ಹೊಸ ಗಾಮಾವನ್ನು ಹಳೆಯದರ ಮೇಲಿಟ್ಟು ನೋಡಿದರೆ, ಮೊದಲು 30 ಇದ್ದ ಮರಳುಗಲ್ಲು ಈಗ ಯಾವ ಕೆಲವು ಮೀಟರ್‌ನಲ್ಲಿ ಏರಿದೆಯೋ ಅಲ್ಲಿಂದ ನೀರು ಬಂದಿರುವ ಸಾಧ್ಯತೆ ದೊಡ್ಡದು. ಕಲ್ಲು ಬದಲಾಗುವುದಿಲ್ಲ ಅಲ್ವಾ.

ನಮ್ಮ ಬಾವಿಗೆ ಇವೆಲ್ಲ ಮಾಡಿದಾಗ ಹೀಗೆ ಕಂಡಿತು ಅನ್ನೋಣ. 2,134ರಿಂದ ಕೆಳಗೆ ಸಿಗ್ಮಾ 19, ಗಾಮಾ ಕೂಡ ಅಲ್ಲಿನ ತೂತುಗಳ ಹತ್ತಿರವೇ ಏರಿದೆ. 2,126ರಿಂದ 2,134ರವರೆಗೆ ಸಿಗ್ಮಾ 13, ಕಾರ್ಬನ್ ಪಾಲು ಇಳಿದಿಲ್ಲ, ಹಾಗಾಗಿ ಇದು ಕಡಲ ನೀರಿನ ಮೋಸ ಅಲ್ಲ, ಎಣ್ಣೆಯೇ. ಪೈಪಿನ ಹೊರಗೆ ಹರಿವು ಇಲ್ಲ. ಅಂದರೆ ನೀರಿನ ಮಟ್ಟವೇ 2,142ರಿಂದ 2,134ಕ್ಕೆ ಏರಿದೆ. ಇನ್ನೊಂದು ಕಡೆ 2,124ರಿಂದ 2,126ರವರೆಗೆ ಸಿಗ್ಮಾ 13ರಿಂದ 11ಕ್ಕೆ ಇಳಿದಿದೆ. ಗ್ಯಾಸ್‌ನ ಸಿಗ್ಮಾ ಎಣ್ಣೆಗಿಂತ ಕಡಿಮೆ, ಹಾಗಾಗಿ ಮೇಲಿನ ಗ್ಯಾಸ್ ಎರಡು ಮೀಟರ್ ಕೆಳಗಿಳಿದಿದೆ. 18 ಮೀಟರ್ ಇದ್ದ ಎಣ್ಣೆ ಈಗ 8 ಮೀಟರ್. ಇಲ್ಲಿ 2,133ರಲ್ಲಿ ಪ್ಲಗ್ ಕೂರಿಸಿ ಕೆಳಗಿನ ತೂತುಗಳನ್ನು ಮುಚ್ಚಿ, 2,130ರಿಂದ 2,133ರವರೆಗಿನ ತೂತುಗಳಿಂದ ಮಾತ್ರ ಎಣ್ಣೆ ತೆಗೆಯಬೇಕು, ಅದೂ ನಿಧಾನವಾಗಿ, ಏಕೆಂದರೆ ಜೋರಾಗಿ ಎಳೆದರೆ ಮೇಲಿನಿಂದ ಗ್ಯಾಸ್, ಕೆಳಗಿನಿಂದ ನೀರು ಎರಡೂ ಒಟ್ಟಿಗೆ ತೂತಿಗೆ ಬರುತ್ತವೆ.